ದೂರದ ಜೋಡಿ, ಗುಡ್ಡದ ಜೋಡಿ

ಮೊಮ್ಮಗಳ ಮಾತು ತೆಗೆದರೆ ನನ್ನ ಬಾಯಿ ಮುಚ್ಚುವುದಿಲ್ಲ ಎಂದು ಮನೆಯವರೆಲ್ಲ ನಗುತ್ತಾರೆ. ನಗಲಿ. ರಬಕವಿಯ ನಮ್ಮ ಓಣಿಯಲ್ಲಿ, ಮಗ್ಗದ ಮನೆಯ ಹುಡುಗಿಯೊಬ್ಬಳು ಮೇಲೆ ತಗಡಿಲ್ಲದ, ಹೊಟ್ಟೆ ನೆಲಕ್ಕೆ ತಾಗುವಂಥ, ಎರಡೇ ಸೀಟಿನ ಹಳೆಯ ಓಟದ ಕಾರು ತಂದು ನಿಲ್ಲಿಸುತ್ತಾಳೆ. ಆಕೆ ನನ್ನ ಮೊಮ್ಮಗಳು. ಇದನ್ನು ಹೇಳದೆ ನಾನು ಸುಮ್ಮನೆ ಕೂರುವುದಾದರೂ ಹೇಗೆ? ಹಾಲು ಹಾಕುವವನಿಗೆ ಹೇಳಿದ್ದೇನೆ, ನೂಲು ತರುವವನಿಗೆ ಹೇಳಿದ್ದೇನೆ, ಬಸ್ಸಿನಲ್ಲಿ ಪಕ್ಕ ಕುಳಿತ ಗುರುತಿಲ್ಲದ ಹೆಣ್ಣುಮಗಳಿಗೂ ಹೇಳಿದ್ದೇನೆ. ಆದರೆ ಹೇಳುತ್ತ ಹೇಳುತ್ತ ಒಂದು ಜಾಗಕ್ಕೆ ಬಂದಾಗ ನನ್ನ ಮಾತು ನಿಲ್ಲುತ್ತದೆ. ಆ ಕಾರಿನಿಂದ ಆಕೆಗೆ ಬೇಕಾಗಿದ್ದದ್ದು ಒಂದೇ ಒಂದು. ಅದು ಸಿಗಲಿಲ್ಲ. ಸಿಗದಿದ್ದದ್ದರಲ್ಲಿ ನನ್ನ ಕೈಯಿದೆ.

ಕಾರು ಸಿಕ್ಕಿದ್ದು ಜಮಖಂಡಿಯಲ್ಲಿ. ಅಲ್ಲಿಯ ಒಬ್ಬ ಮುದುಕ ಮಿಸ್ತ್ರಿಯ ಶೆಡ್ಡಿನಲ್ಲಿ, ಯಾವುದೋ ಸಿರಿವಂತರ ವಾಡೆಯಿಂದ ಬಂದ ಈ ಗಾಡಿ ತಾಡಪತ್ರಿಯ ಕೆಳಗೆ ಕೋಳಿ ಮೊಟ್ಟೆ ಇಡುವ ಜಾಗವಾಗಿತ್ತು. ಮೊಮ್ಮಗಳು ಜಮಖಂಡಿಯಲ್ಲಿ ಡಿಪ್ಲೊಮಾ ಓದುವಾಗ ಅದನ್ನು ನೋಡಿದವಳು ಬಿಡಲೇ ಇಲ್ಲ. ಓದು ಮುಗಿದು ಮನೆಯ ಪವರ್‌ಲೂಮುಗಳ ರಿಪೇರಿ ಆಕೆಯ ಪಾಲಿಗೆ ಬಂದ ಮೇಲೂ ರವಿವಾರವೆಂದರೆ ಆ ಶೆಡ್ಡೇ. ಮಿಸ್ತ್ರಿ ಮೊದಮೊದಲು ಬೈದ, ಆಮೇಲೆ ಸ್ಪಾನರ್ ಕೊಟ್ಟ, ಕೊನೆಗೆ ಕಾರನ್ನೇ ಕೊಟ್ಟ. ಕೋಳಿಗೆ ಬೇರೆ ಬುಟ್ಟಿ ಹುಡುಕಿದ.

ಬೀಳಗಿಯ ಆಚೆ ಒಂದು ಕಲ್ಲಿನ ಕ್ವಾರಿ ಕೆಲಸ ನಿಲ್ಲಿಸಿ ಬಿದ್ದುಕೊಂಡಿತ್ತು. ಅದರ ಗುಡ್ಡದ ರಸ್ತೆಯಲ್ಲಿ ಹಳೆಯ ಕಾರುಗಳ ಹುಚ್ಚಿನವರು ಕೆಲವರು ಸೇರಿ ಚಳಿಗಾಲದಲ್ಲಿ ಓಟ ಇಡುತ್ತಿದ್ದರು. ಒಟ್ಟಿಗೆ ಓಡುವುದಲ್ಲ. ಒಬ್ಬೊಬ್ಬರೇ ಬುಡದಿಂದ ತುದಿಗೆ ಹತ್ತಬೇಕು, ಗಡಿಯಾರ ಹಿಡಿದವರು ಹೊತ್ತು ಅಳೆಯುತ್ತಾರೆ. ಅವರು ಇಟ್ಟ ಹೊತ್ತಿನೊಳಗೆ ಹತ್ತಿದವರಿಗೆ ಘಟ್ಟದ ದೊಡ್ಡ ಓಟಕ್ಕೆ ಕರೆ ಬರುತ್ತದೆ. ಮೊಮ್ಮಗಳಿಗೆ ಬೇಕಾಗಿದ್ದದ್ದು ಆ ಕರೆ. ಅದೇ ವರ್ಷ ಕ್ವಾರಿ ಮತ್ತೆ ಶುರುವಾಗುವುದಿತ್ತು. ಬೀಳಗಿಯ ಓಟ ಅದೇ ಕಡೆಯದು ಎಂದು ಎಲ್ಲರಿಗೂ ಗೊತ್ತಿತ್ತು.

ಇನ್ನು ಗೇರಿನ ಮಾತು. ಇದನ್ನು ನಾನು ನನ್ನ ಮಗ್ಗದ ಮೇಲೇ ಹೇಳಬೇಕು, ನನಗೆ ಗೊತ್ತಿರುವುದು ಅದೊಂದೇ. ಮಗ್ಗದ ಪಕ್ಕಕ್ಕೆ ಹಲ್ಲಿನ ಗಾಲಿಗಳಿರುತ್ತವೆ. ಅದರಲ್ಲಿ ಒಂದನ್ನು ಬದಲಿಸಿದರೆ ನೇಯ್ದ ಬಟ್ಟೆ ಸುತ್ತಿಕೊಳ್ಳುವ ವೇಗ ಬದಲಾಗುತ್ತದೆ. ಒಂದು ಗಾಲಿಗೆ ಅಡ್ಡ ಬೀಳುವ ಹೊಕ್ಕಿನ ಎಳೆಗಳು ಒತ್ತೊತ್ತಾಗಿ ಬಿದ್ದು ಬಟ್ಟೆ ದಪ್ಪಗಾಗುತ್ತದೆ, ಇನ್ನೊಂದಕ್ಕೆ ಸಡಿಲ ಬಿದ್ದು ತೆಳ್ಳಗಾಗುತ್ತದೆ. ಮೋಟಾರು ಅದೇ, ನೂಲು ಅದೇ. ಕಾರಿನಲ್ಲೂ ಹಾಗೆಯೇ ಅಂತೆ. ಎಂಜಿನ್ನು ಒಂದೇ, ಗೇರಿನ ಹಲ್ಲು ಬದಲಾದರೆ ಓಟ ಬದಲು.

ಮಿಸ್ತ್ರಿಯ ಬಳಿ ಗೇರಿನ ಗಾಲಿಗಳು ಎರಡು ಜೋಡಿ ಇದ್ದವು. ಒಂದು ಕಾರಿನ ಜೊತೆಗೇ ಬಂದದ್ದು, ಊರಿಂದೂರಿಗೆ ಹೋಗಲು ಮಾಡಿದ್ದು. ಅದಕ್ಕೆ ಅವರು ದೂರದ ಜೋಡಿ ಎನ್ನುತ್ತಿದ್ದರು. ಅದರಲ್ಲಿ ಎರಡನೇ ಗೇರಿಗೂ ಮೂರನೇ ಗೇರಿಗೂ ನಡುವೆ ದೊಡ್ಡ ಅಂತರ. ಸಪಾಟು ರಸ್ತೆಯಲ್ಲಿ ಅದರಿಂದ ಏನೂ ತೊಂದರೆಯಿಲ್ಲ. ಇನ್ನೊಂದು ಮಿಸ್ತ್ರಿ ಎಲ್ಲೆಲ್ಲೋ ಹುಡುಕಿ, ಸಿಗದಿದ್ದ ಗಾಲಿಗಳಿಗೆ ಹೊಸದಾಗಿ ಹಲ್ಲು ಕೊಯ್ಯಿಸಿ ಕೂಡಿಸಿದ್ದು, ಗುಡ್ಡದ ಜೋಡಿ. ಅದರಲ್ಲಿ ಗೇರುಗಳೆಲ್ಲ ಒಂದರ ಪಕ್ಕ ಒಂದು, ನಮ್ಮ ಓಣಿಯ ಮನೆಗಳ ಹಾಗೆ. ಏರಿನಲ್ಲಿ ಒಂದು ಬಿಟ್ಟು ಇನ್ನೊಂದು ಹಿಡಿದರೆ ಎಂಜಿನ್ನಿಗೆ ಉಸಿರು ಕಟ್ಟುವುದಿಲ್ಲ. ಆದರೆ ದೂರದ ರಸ್ತೆಗೆ ಅದು ಹೊಂದುವುದಿಲ್ಲ. ಎತ್ತಿನ ಗಾಡಿ ದಾಟುವಷ್ಟು ಜೋರಾಗುವುದರೊಳಗೆ ಎಂಜಿನ್ನು ಕಿರುಚತೊಡಗುತ್ತದೆ, ಮಹಾಲಿಂಗಪುರ ಮುಟ್ಟುವ ಮೊದಲೇ ಕಾದು ಹೊಗೆಯಾಡುತ್ತದೆ. ಅದನ್ನು ಹಾಕಿದರೆ ಕಾರನ್ನು ಟೆಂಪೋದಲ್ಲಿ ಹೇರಿ ಒಯ್ಯಬೇಕು. ಒಂದು ಜೋಡಿ ತೆಗೆದು ಇನ್ನೊಂದು ಹಾಕುವುದು ಎರಡು ದಿನದ ಕೆಲಸ, ಓಟದ ದಿನ ಅಲ್ಲಿ ನಿಂತು ಮಾಡುವಂಥದಲ್ಲ.

ಇದೆಲ್ಲ ನನಗೆ ಆಗ ಅರ್ಧಂಬರ್ಧ ಗೊತ್ತಿತ್ತು. ಪೂರ್ತಿ ತಿಳಿದದ್ದು ಆಮೇಲೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿಯಿದೆ. ಮಗ್ಗಕ್ಕೆ ಹಾಸುನೂಲು ಸುತ್ತಿದ ಹೊಸ ಬೀಮು ಏರಿಸುವ ದಿನ, ಅದಕ್ಕೆ ಹಾಕಬೇಕಾದ ಗಾಲಿಯನ್ನು ತೊಳೆದು, ತಾಟಿನಲ್ಲಿಟ್ಟು, ಕುಂಕುಮ ಹಚ್ಚಿ ಮನೆಯ ಹಿರಿಯರ ಮುಂದೆ ಹಿಡಿಯುತ್ತಾರೆ. ಹಿರಿಯರು ಅದನ್ನು ಎತ್ತಿ ಕೈಗೆ ಕೊಡಬೇಕು, ಆಮೇಲೆಯೇ ಅದು ಮಗ್ಗಕ್ಕೆ ಹೋಗುವುದು. ಯಾವ ಗಾಲಿ ಎನ್ನುವ ಲೆಕ್ಕವೆಲ್ಲ ಮೊದಲೇ ಮುಗಿದಿರುತ್ತದೆ. ತಾಟಿನಲ್ಲಿ ಇರುವುದು ಒಂದೇ. ಹಿರಿಯರು ಕೇಳುವುದೂ ಇಲ್ಲ, ಆರಿಸುವುದೂ ಇಲ್ಲ. ಹಾಗೆ ಕೊಟ್ಟ ಗಾಲಿಯನ್ನು ಆ ಬೀಮು ಮುಗಿಯುವ ತನಕ ಯಾರೂ ಮುಟ್ಟುವುದಿಲ್ಲ. ನಡುವೆ ಬದಲಿಸಿದರೆ ಬಟ್ಟೆಯಲ್ಲಿ ಅಡ್ಡ ಪಟ್ಟಿ ಬೀಳುತ್ತದೆ, ಆ ಬಟ್ಟೆಯನ್ನು ಯಾವ ಅಂಗಡಿಯವನೂ ಕಣ್ಣೆತ್ತಿ ನೋಡುವುದಿಲ್ಲ.

ನಾನು ಮದುವೆಯಾಗಿ ಬಂದಾಗ ತಾಟು ನನ್ನ ಮಾವನ ಮುಂದೆ ಹೋಗುತ್ತಿತ್ತು. ಆಮೇಲೆ ನನ್ನ ಗಂಡನ ಮುಂದೆ. ಅವರು ಹೋದ ಮೇಲೆ ಮಗ ಅದನ್ನು ದೇವರ ಮುಂದೆ ಇಡತೊಡಗಿದ. ನನ್ನ ಮುಂದೆ ಹಿಡಿಯಬಹುದು ಎಂದು ಅವನಿಗೂ ಹೊಳೆಯಲಿಲ್ಲ, ನಿಜ ಹೇಳಬೇಕೆಂದರೆ ನನಗೂ ಹೊಳೆಯಲಿಲ್ಲ. ನಾನು ನೂಲಿನ ಕಂಡಿಕೆ ಸುತ್ತಿದವಳು. ತಾಟು ತೊಳೆದುಕೊಟ್ಟವಳು.

ಓಟಕ್ಕೆ ಮುಂಚಿನ ವಾರ, ಮಧ್ಯಾಹ್ನ, ನಾನು ಪಡಸಾಲೆಯಲ್ಲಿ ಅಲಸಂದಿ ಹಸನು ಮಾಡುತ್ತ ಕುಳಿತಿದ್ದೆ. ಮೊಮ್ಮಗಳು ಎದುರಿಗೆ ಬಂದು ಮೊಣಕಾಲೂರಿದಳು. ಕೈಯಲ್ಲಿ ಅದೇ ಹಿತ್ತಾಳೆ ತಾಟು. ತಾಟಿನಲ್ಲಿ ಎಣ್ಣೆ ಒರೆಸಿದ ಹಲ್ಲಿನ ಗಾಲಿ ಎರಡು, ಎರಡಕ್ಕೂ ಕುಂಕುಮ.

"ಇದೇನ ಲೇ ಇದು?"

"ಕಾರಿನ ಗಾಲಿ, ಆಯಿ. ಅಜ್ಜನ ಮುಂದ ಹಿಡೀತಿದ್ರಲ್ಲ, ಹಂಗ. ಈಗ ಮನ್ಯಾಗ ದೊಡ್ಡಾಕಿ ನೀನ ಅಲ್ಲೇನ?"

ಅಷ್ಟು ಹೇಳಿದ್ದೇ ನನಗೆ ಕಣ್ಣು ತುಂಬಿ ಬಂತು. ಕೈಗೆ ಅಲಸಂದಿಯ ಧೂಳು ಹತ್ತಿತ್ತು, ಸೆರಗಿಗೆ ಒರೆಸಿಕೊಂಡೆ. ಇಷ್ಟು ವರ್ಷ ಬಾಗಿಲ ಮರೆಯಿಂದ ನೋಡಿದ ತಾಟು ನನ್ನ ಮುಂದೆ ಇತ್ತು. ಆ ಸಂತೋಷದಲ್ಲಿ ನಾನು ಕಾಣಬೇಕಾದದ್ದನ್ನು ಕಾಣಲಿಲ್ಲ. ತಾಟಿನಲ್ಲಿ ಒಂದಲ್ಲ, ಎರಡಿದ್ದವು.

"ಎರಡ್ಯಾಕ?" ಎಂದು ಕೇಳಿದ್ದು ಹೌದು. ಆದರೆ ನಗುತ್ತ ಕೇಳಿದೆ.

"ಒಂದು ಗುಡ್ಡದ ಜೋಡೀದು, ಒಂದು ದೂರದ ಜೋಡೀದು. ನೀ ಯಾವುದು ಕೊಡ್ತಿ ಕೊಡು."

"ಯಾವುದ ಹಾಕಿದ್ರ ನಾನೂ ನಿನ್ನ ಬಾಜೂಕ ಕುಂತು ಬೀಳಗಿಗೆ ಬರಬಹುದು?"

ಆಕೆ ನಕ್ಕಳು. "ಹುಚ್ಚಿ ಅದೀ ನೋಡ ನೀ. ದೂರದ್ದು ಹಾಕಿದ್ರ ಬರಬಹುದು. ಗುಡ್ಡದ್ದು ಹಾಕಿದ್ರ ಗಾಡಿ ಟೆಂಪೋದಾಗ, ನೀ ಮನ್ಯಾಗ."

"ಹಂಗಾರ ಇದನ್ನ ತಗೋ!" ಎಂದು ದೂರದ ಜೋಡಿಯ ಗಾಲಿಯನ್ನು ಎತ್ತಿ ಆಕೆಯ ಕೈಯಲ್ಲಿಟ್ಟೆ.

ಆಕೆ ಅದನ್ನು ಅಂಗೈಯಲ್ಲಿ ತಿರುಗಿಸಿ ನೋಡಿದಳು. "ಖರೇನ, ಆಯಿ?" ಎಂದಳು.

"ಖರೆ ಅಂದ್ರ ಖರೆ. ಏಳ ಈಗ, ಅಲಸಂದಿ ಚೆಲ್ಲೀದಿ."

ಆಕೆ ನಿಜವಾಗಿ ಕೇಳುತ್ತಿದ್ದಳು. ನಾನು ಅದನ್ನು ಆಶೀರ್ವಾದದ ಮಾತು ಎಂದುಕೊಂಡೆ. ನಮ್ಮ ಮನೆಯಲ್ಲಿ ತಾಟಿಗೆ ಬರುವ ಹೊತ್ತಿಗೆ ಎಲ್ಲ ತೀರ್ಮಾನವಾಗಿರುತ್ತದೆ, ಎರಡರಲ್ಲಿ ಯಾವುದಾದರೂ ನಡೆಯುತ್ತದೆ ಎಂದೇ ಎರಡು ತಂದಿದ್ದಾಳೆ ಎಂದುಕೊಂಡೆ.

ಓಟದ ಬೆಳಿಗ್ಗೆ ನಾನು ಇಳಕಲ್ ಸೀರೆ ಉಟ್ಟು, ಸೆರಗನ್ನು ತಲೆಯ ಮೇಲಿಂದ ತಂದು ಗದ್ದದ ಕೆಳಗೆ ಗಂಟು ಹಾಕಿಕೊಂಡು ಕಾರಿನೊಳಗೆ ಇಳಿದೆ. ಹತ್ತಿದೆ ಎನ್ನಲು ಬರುವುದಿಲ್ಲ, ಕಾಳು ತುಂಬುವ ನೆಲದ ಹಗೇವಿಗೆ ಇಳಿದ ಹಾಗೆ ಇಳಿಯಬೇಕು. ಓಣಿಯ ಹೆಣ್ಣುಮಕ್ಕಳೆಲ್ಲ ಮಗ್ಗ ನಿಲ್ಲಿಸಿ ಹೊರಗೆ ಬಂದಿದ್ದರು.

"ಏನವ್ವಾ, ಮ್ಯಾಲಿನ ತಗಡು ಮನ್ಯಾಗ ಮರತು ಬಂದೀರೇನ?" ಎಂದಳು ಎದುರು ಮನೆಯವಳು.

"ತಗಡು ನಿಮ್ಮ ಮನೀ ಮ್ಯಾಲ ಹಾಕ್ಕೊಳ್ಳವ್ವಾ, ಮಳಿಗಾಲದಾಗ ಸೋರತೈತಿ," ಎಂದೆ. ಎಲ್ಲರೂ ನಕ್ಕರು. ಕಾರು ಹೊರಟಿತು.

ದೇವರೇ, ಏನು ಹೇಳಲಿ ಆ ದಾರಿಯನ್ನು! ನಾನು ಆ ದಾರಿಯಲ್ಲಿ ಬಸ್ಸಿನಲ್ಲಿ ಎಷ್ಟು ಸಲ ಹೋಗಿದ್ದೇನೋ, ಯಾವತ್ತೂ ಕಿಟಕಿಯ ಕಂಬಿಯ ಒಳಗಿನಿಂದ ನೋಡಿದ್ದೆ. ಅವತ್ತು ಗಾಳಿ ಬಂದು ಮುಖಕ್ಕೇ ಬಡಿಯುತ್ತಿತ್ತು. ಮಹಾಲಿಂಗಪುರದ ಹತ್ತಿರ ಗಾಣದಿಂದ ಬಿಸಿ ಬೆಲ್ಲದ ವಾಸನೆ ಬಾಯಿಯೊಳಗೇ ಬಂದು ಕೂತಿತು. ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ರಸ್ತೆ ತುಂಬ ಹೊರಟಿದ್ದವು. ನಾವು ಅಷ್ಟು ತಗ್ಗಿನಲ್ಲಿ ಕುಳಿತಿದ್ದೆವೆಂದರೆ ಟ್ರೇಲರಿನ ಗಾಲಿ ನಮ್ಮ ತಲೆಗಿಂತ ಎತ್ತರ. ಮೊಮ್ಮಗಳು ಅವುಗಳನ್ನು ಒಂದೊಂದಾಗಿ ದಾಟುತ್ತ ಗೇರು ಹಾಕುವುದನ್ನು ನಾನು ಬೆರಗಿನಿಂದ ನೋಡುತ್ತಿದ್ದೆ. ಆಕೆಯ ಕೈ ನನ್ನ ಗಂಡನ ಕೈಯ ಹಾಗೆಯೇ, ಉದ್ದ ಬೆರಳು, ಗಟ್ಟಿ ಹಿಡಿಯದೆ ಹಿಡಿಯುವ ಕೈ. ತಿಮ್ಮಾಪುರದ ಹತ್ತಿರ ಒಂದು ತೆಳ್ಳನೆಯ ಮುಧೋಳದ ನಾಯಿ ಹೊಲದ ಬದುವಿನ ಗುಂಟ ನಮ್ಮ ಜೊತೆ ಓಡತೊಡಗಿತು. ಅದರ ಕಾಲು ನೆಲಕ್ಕೆ ಹತ್ತುತ್ತಿದ್ದಂತೆಯೇ ಇರಲಿಲ್ಲ.

"ಇನ್ನೂ ಜೋರ ಬಿಡ ಲೇ! ನಾಯಿ ಮುಂದ ಹೊಂಟತು!" ಎಂದು ನಾನು ಕೂಗಿದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಆಕೆ ಮೂರು ಬಿಟ್ಟು ನಾಲ್ಕನೆಯದಕ್ಕೆ ಹಾಕಿದಳು. ಕಾರು ಉದ್ದಕ್ಕೆ ಒಂದು ಉಸಿರು ಬಿಟ್ಟು ಮುಂದೆ ಹೋಯಿತು. ಎಂಥ ಛಲೋ ಗಾಲಿ ಆರಿಸಿಕೊಟ್ಟೆ ನಾನು ಎಂದುಕೊಂಡೆ. ಹಾಗೇ ಅಂದುಕೊಂಡೆ, ಸುಳ್ಳು ಹೇಳುವುದಿಲ್ಲ.

ಗುಡ್ಡದ ಬುಡದಲ್ಲಿ ಮಿಸ್ತ್ರಿ ಮೊದಲೇ ಬಂದು ನಿಂತಿದ್ದ. ಕಾರಿನಿಂದ ನಾನು ಮೇಲೇಳಲು ಒದ್ದಾಡುತ್ತಿದ್ದಾಗ ಕೈ ಕೊಟ್ಟು ಎತ್ತಿದ. "ಬರ್ರಿ ಅಕ್ಕಾರ, ಹಾದಿ ಹೆಂಗಿತ್ರಿ?" ಎಂದ. ನಾನು ನಾಯಿಯ ಕಥೆ ಶುರು ಮಾಡಿದೆ. ಅವನು ತಲೆಯಾಡಿಸುತ್ತಿದ್ದ, ಆದರೆ ಕಣ್ಣು ರಸ್ತೆಯ ಮೇಲೆ, ಗುಡ್ಡದ ನಡುವಿನ ತಿರುವಿನ ಮೇಲೆ ಇತ್ತು. ರಸ್ತೆ ಬುಡದಲ್ಲಿ ನೇರ, ನಡುವೆ ಸೀರೆ ಮಡಚಿದ ಹಾಗೆ ಒಂದು ಪೂರ್ತಿ ತಿರುವು, ಅಲ್ಲಿಂದ ಮುಂದೆ ಗೋಡೆಯಂಥ ಏರು.

ಬಾವುಟ ಬಿತ್ತು. ಆಕೆ ಹೊರಟಳು. ನೇರದಲ್ಲಿ ಆಕೆಗಿಂತ ಚೆಂದ ಯಾರೂ ಹೋಗಿರಲಿಲ್ಲ. ನಾನು ಚಪ್ಪಾಳೆ ಹೊಡೆಯುತ್ತಿದ್ದೆ. ತಿರುವಿನಲ್ಲಿ ಎರಡನೇ ಗೇರು. ಅಲ್ಲಿಂದ ಎಂಜಿನ್ನು ಕೂಗತೊಡಗಿತು, ಕೂಗು ಏರಿತು, ಏರಿತು, ಇನ್ನು ಒಡೆಯುತ್ತದೆ ಎನ್ನುವಾಗ ಆಕೆ ಮೂರನೆಯದಕ್ಕೆ ಹಾಕಿದಳು. ಸದ್ದು ಒಮ್ಮೆಲೇ ಬಾವಿಗೆ ಬಿದ್ದಂತೆ ಕೆಳಗೆ ಬಿತ್ತು. ಕಾರು ಏರಿನ ನಡುವೆ ಗುರುಗುರು ಎನ್ನುತ್ತ, ಹೊರೆ ಹೊತ್ತವರ ಹಾಗೆ, ಕಾಲೆಳೆಯತೊಡಗಿತು.

ಎಷ್ಟೋ ವರ್ಷ ಮಗ್ಗದ ಸದ್ದಿನೊಳಗೇ ಬಾಳಿದವಳು ನಾನು. ತಪ್ಪು ಗಾಲಿಯ ಸದ್ದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ಚಪ್ಪಾಳೆ ನಿಂತಿತು.

"ಮಿಸ್ತ್ರಿ, ಗುಡ್ಡದ ಜೋಡಿ ಹಾಕಿದ್ರ ಹಿಂಗ ಆಗತಿದ್ದಿಲ್ಲ ಹೌದಲ್ಲೋ?"

ಅವನು ಮೀಸೆ ತಿರುವುತ್ತ ಬೇರೆ ಕಡೆ ನೋಡಿದ. "ಓಟಂದ್ರ ಎಲ್ಲಾ ಇರತೈತ್ರಿ ಅಕ್ಕಾರ."

"ನನ್ನ ಮುಂದ ನಾಟಕ ಮಾಡಬ್ಯಾಡ."

"ಆಗತಿದ್ದಿಲ್ರಿ," ಎಂದ. "ನಾ ಗುಡ್ಡದ್ದ ಹಾಕೂಣು ಅಂದಿದ್ದೆ. ಆಕೀಗೂ ಅರ್ಧಾ ಮನಸ್ಸಿತ್ತು. ಆಮ್ಯಾಲ ಒಂದಿನ ಬಂದು, ಆಯಿ ಕೈಯಾರೆ ಇದನ್ನ ಕೊಟ್ಟಾಳ, ಇದನ್ನ ಹಾಕು ಕಾಕಾ ಅಂದ್ಲು. ಹಿರ್ಯಾರು ಕೊಟ್ಟದ್ದು ಅಂದ ಮ್ಯಾಲ ನಾ ಏನ ಹೇಳ್ಲಿ?"

ಎಲ್ಲರಿಗೂ ಎರಡು ಸಲ ಹತ್ತುವ ಅವಕಾಶವಿತ್ತು. ಎರಡನೇ ಸಲ ಆಕೆ ಉಪಾಯ ಮಾಡಿದಳು. ತಿರುವಿನಲ್ಲಿ ಮೊದಲನೇ ಗೇರಿಗೇ ಇಳಿದು, ಎರಡರಲ್ಲಿ ಎಂಜಿನ್ನು ಅರಚುತ್ತಿದ್ದರೂ ಬಿಡದೆ ಎಳೆದಳು. ಮಿಸ್ತ್ರಿ ಕಣ್ಣು ಮುಚ್ಚಿಕೊಂಡ. ನಾನು ಮುಚ್ಚಿಕೊಳ್ಳಲಿಲ್ಲ. ಮೊದಲಿಗಿಂತ ಬೇಗ ಹೋದಳು. ಆದರೆ ತುದಿಯ ಹತ್ತಿರ ಮತ್ತೆ ಅದೇ ಮೂರನೇ ಗೇರು, ಅದೇ ಗುರುಗುರು. ಮೇಲಿನಿಂದ ಫೋನಿನಲ್ಲಿ ಹೊತ್ತು ತಿಳಿಸಿದರು. ಸ್ವಲ್ಪದರಲ್ಲಿ ತಪ್ಪಿತ್ತು. ಎಷ್ಟು ಸ್ವಲ್ಪ ಎಂದು ನಾನು ಕೇಳಿದ್ದಕ್ಕೆ ಮಿಸ್ತ್ರಿ ಚಿಟಿಕೆ ಹೊಡೆದು ತೋರಿಸಿದ. ಅದನ್ನು ನೋಡಬಾರದಿತ್ತು ನಾನು.

ಆಕೆ ಇಳಿದು ಬಂದಾಗ ಮುಖ ಕೆಂಪಾಗಿತ್ತು. ಹೆಲ್ಮೆಟ್ ತೆಗೆದು, "ಆಯಿ, ಹಸಿವಿ ಆಗೇತಿ, ಬುತ್ತಿ ಬಿಚ್ಚು," ಎಂದಳು. ನಾನು ಬಿಚ್ಚಿದೆ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಮೂವರೂ ಕಲ್ಲಿನ ಮೇಲೆ ಕುಳಿತು ಉಂಡೆವು. ಗೆದ್ದರೆ ಹಂಚಬೇಕೆಂದು ತಂದ ಕರದಂಟು ಚೀಲದಲ್ಲೇ ಉಳಿಯಿತು. ಆಕೆಯೇ ಕೈ ಹಾಕಿ ಅದನ್ನು ತೆಗೆದು ಮಿಸ್ತ್ರಿಗೊಂದು, ನನಗೊಂದು ಕೊಟ್ಟಳು.

ಬರುವಾಗ ಅದೇ ದಾರಿ. ಬೀಳಗಿ ದಾಟಿದ ಮೇಲೆ ರಸ್ತೆ ಖಾಲಿಯಿತ್ತು, ಇಳಿಬಿಸಿಲು ಕಬ್ಬಿನ ಸುಳಿಗಳ ಮೇಲೆ ಬಿದ್ದಿತ್ತು. ಸಪಾಟು ರಸ್ತೆಯಲ್ಲಿ ಕಾರು ಎಣ್ಣೆ ಕುಡಿದ ಮಗ್ಗದ ಹಾಗೆ ಒಂದೇ ಲಯದಲ್ಲಿ ಓಡುತ್ತಿತ್ತು. ಬೆಳಿಗ್ಗೆ ಅದನ್ನೇ ಕೇಳಿ ನಾನು ಕೂಗಿ ಕುಣಿದಿದ್ದೆ. ಈಗ ಅದು ಅಷ್ಟು ಚೆಂದ ಓಡಿದಷ್ಟೂ ನನಗೆ ಗುಡ್ಡದ ಆ ಗುರುಗುರುವೇ ಕೇಳಿಸುತ್ತಿತ್ತು. ಈ ಸುಖವೆಲ್ಲ ಆ ಏರಿನಿಂದ ಕಿತ್ತು ತಂದದ್ದು.

"ಯಾಕ ಹೇಳಲಿಲ್ಲ ನನಗ?" ಎಂದೆ.

"ಏನ?"

"ಗುಡ್ಡದ್ದು ಬೇಕಾಗಿತ್ತಂತ."

"ಬೇಕಂತ ಗೊತ್ತಿದ್ರ ಒಂದ ತರತಿದ್ದೆ, ಆಯಿ. ಎರಡು ತಂದಿದ್ದೆ. ಒಂದ ಸಲ ಇದು ಅನಸ್ತಿತ್ತು, ಒಂದ ಸಲ ಅದು. ಕಾಕಾ ಗುಡ್ಡದ್ದು ಅಂದ, ನನಗ ಹೊಸಾ ಹಲ್ಲು ತಡೀತಾವೋ ಇಲ್ಲೋ ಅಂತ ಹೆದರಿಕಿ. ನೀ ಹೇಳ್ತಿ ಅಂತ ಬಂದೆ."

"ನಾ ನಗತ ಚ್ಯಾಷ್ಟಿ ಮಾಡಿದ್ನೆ ಲೇ."

"ಅದಕ್ಕ ಖರೇನ ಅಂತ ಕೇಳಿದ್ನೆಲ್ಲ."

ಕೇಳಿದ್ದಳು. ಗಾಳಿಗೆ ಸೆರಗಿನ ಗಂಟು ಬಿಚ್ಚಿಕೊಂಡಿತು, ಅದನ್ನು ಮತ್ತೆ ಕಟ್ಟಿಕೊಳ್ಳುವ ನೆಪದಲ್ಲಿ ಮುಖ ಆ ಕಡೆ ಮಾಡಿದೆ.

"ಎತ್ತಿ ಕೊಟ್ಟ ಮ್ಯಾಲ ತಿರುಗಿ ತಾಟಿನ್ಯಾಗ ಇಡಬಹುದಿತ್ತು," ಎಂದೆ.

"ನಮ್ಮ ಮನ್ಯಾಗ ಯಾರರೆ ಹಂಗ ಇಟ್ಟಾರೇನ?" ಎಂದು ನಕ್ಕಳು. "ಹೋಗಲಿ ಬಿಡು. ನಾಯಿ ನೋಡ್ತಿರು. ಇಲ್ಲೇ ಎಲ್ಲೋ ಇತ್ತು."

ನಾನು ನೋಡಿದೆ. ಬದುವಿನ ಮೇಲೆ ನಾಯಿ ಇರಲಿಲ್ಲ.

ಮರುವಾರವೇ ಮಿಸ್ತ್ರಿ ಮತ್ತು ಆಕೆ ಸೇರಿ ಗುಡ್ಡದ ಜೋಡಿ ಹಾಕಿದರು. ಕ್ವಾರಿಯ ಲಾರಿಗಳು ಬರುವ ಮೊದಲು ಒಮ್ಮೆ ಹತ್ತಿ ನೋಡಬೇಕು ಎಂದು ಆಕೆಗೆ. ಕಾರು ಟೆಂಪೋದ ಮೇಲೆ ಹೋಯಿತು, ನಾನು ಬಸ್ಸಿನಲ್ಲಿ ಹೋದೆ. ಬೇಡ ಎಂದರೂ ಹೋದೆ. ಅಲ್ಲಿ ಬಾವುಟವಿಲ್ಲ, ಗಡಿಯಾರದವರಿಲ್ಲ, ಗೇಟಿನಲ್ಲಿ ವಾಚ್‌ಮನ್ ಒಬ್ಬ, ದೂರದಲ್ಲಿ ಮೇಯುವ ಕುರಿಗಳು. ನಾನು ಅದೇ ಕಲ್ಲಿನ ಮೇಲೆ ಕುಳಿತೆ. ತಿರುವು ಬಂತು, ಎರಡನೆಯದು, ಮೂರನೆಯದು. ಸದ್ದು ಎಲ್ಲೂ ಬೀಳಲಿಲ್ಲ. ಮೆಟ್ಟಿಲು ಹತ್ತಿದ ಹಾಗೆ ಒಂದರಿಂದ ಒಂದಕ್ಕೆ ಏರಿ ಏರಿ ತುದಿ ಮುಟ್ಟಿತು. ಹೊತ್ತು ಅಳೆಯುವವರು ಯಾರೂ ಇಲ್ಲದಿದ್ದರೂ ಗೊತ್ತಾಯಿತು. ಮಿಸ್ತ್ರಿಗೆ ಗೊತ್ತಾಯಿತು, ಮೇಲಿದ್ದ ಆಕೆಗೂ ಗೊತ್ತಾಗಿರಬೇಕು. ನನ್ನ ಮೊಮ್ಮಗಳು ಆ ಗುಡ್ಡವನ್ನು ಹೀಗೆ ಹತ್ತಬಲ್ಲವಳು. ಹೆಮ್ಮೆಯಿಂದ ಎದೆ ಬಿರಿಯುತ್ತಿತ್ತು, ಅದರ ಜೊತೆಗೇ ಅಳುವೂ ಬಂತು.

ಆ ವರ್ಷ ಘಟ್ಟದ ಓಟಕ್ಕೆ ಬೇರೆಯವರು ಹೋದರು. ಕ್ವಾರಿಯ ರಸ್ತೆಯಲ್ಲಿ ಈಗ ಲಾರಿಗಳು ಓಡುತ್ತವೆ. ಹತ್ತಿರದಲ್ಲಿ ಇನ್ನೊಂದು ಗುಡ್ಡ ಸಿಗುತ್ತದೆಯೋ ಎಂದು ಆಕೆ ಹುಡುಕುತ್ತಲೇ ಇದ್ದಾಳೆ, ಕಾರಿನಲ್ಲಿ ಗುಡ್ಡದ ಜೋಡಿಯೇ ಇದೆ.

ದೂರದ ಜೋಡಿಯನ್ನು ಎಣ್ಣೆ ಸವರಿ, ನಮ್ಮದೇ ಮಗ್ಗದ ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಟ್ರಂಕಿನಲ್ಲಿ ಇಟ್ಟಳು. "ಇಲ್ಲೇ ಇರಲಿ, ಆಯಿ. ನಿನಗ ಎಲ್ಲಿಗರೆ ಹೋಗೂದಿದ್ರ ಹೇಳು. ಎರಡ ದಿನದ ಕೆಲಸ, ಗುಡ್ಡದ್ದು ಬಿಚ್ಚಿ ಇದನ್ನ ಹಾಕಿಬಿಡ್ತೇವಿ."

ಹೋಗಲು ಊರುಗಳು ಬೇಕಾದಷ್ಟಿವೆ. ತುಬಚಿಗೆ ಹೋಗಿ ಹೊಳೆ ನೋಡಬೇಕು, ತಿಮ್ಮಾಪುರದ ಆ ನಾಯಿ ಸಿಗುತ್ತದೆಯೋ ನೋಡಬೇಕು. ಸೀರೆ ತೆಗೆಯಲೆಂದು ಟ್ರಂಕು ತೆರೆದಾಗಲೆಲ್ಲ ಆ ಗಂಟು ಕೈಗೆ ತಾಗುತ್ತದೆ, ಎಣ್ಣೆಯ ವಾಸನೆ ಬರುತ್ತದೆ. ಆಕೆ ಈಗಲೂ ನಡುನಡುವೆ ಕೇಳುತ್ತಾಳೆ, "ಎಲ್ಲಿಗೆ ಹೋಗೂಣು ಹೇಳ ಆಯಿ," ಎಂದು. ನಾನು ಇನ್ನೂ ಯಾವ ಊರನ್ನೂ ಹೇಳಿಲ್ಲ.